ಫಾಲ್ಸ್ ಸೀಲಿಂಗ್‌ನ ತೂತು: ಗುರುತು ಉಳಿಯದ ಹಾಗೆ ಮುಚ್ಚಿ

ಮಳೆಗಾಲ ಮುಗಿಯುವಷ್ಟರಲ್ಲಿ ಕಾರವಾರ, ಅಂಕೋಲಾ, ಕುಮಟಾದ ಎಷ್ಟೋ ಮನೆಗಳ ಫಾಲ್ಸ್ ಸೀಲಿಂಗ್‌ನಲ್ಲಿ ಚಹಾ ಬಣ್ಣದ ಕಲೆ ಎದ್ದಿರುತ್ತದೆ. ಕೆಲವು ಕಡೆ ಜಿಪ್ಸಂ ಬೋರ್ಡ್ ಮೆತ್ತಗಾಗಿ ಜೋತುಬಿದ್ದಿರುತ್ತದೆ. ಟೆರೇಸಿನ ಬಿರುಕೋ, ಒಡೆದ ಹಂಚೋ, ಎಸಿಯ ಡ್ರೈನ್ ಪೈಪೋ, ಮೊದಲು ಸೋರುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಮುಂದಿನದೆಲ್ಲ ನೀರಲ್ಲಿ ಮಾಡಿದ ಹೋಮ.

ಮೇನ್ ಸ್ವಿಚ್ ಆಫ್ ಮಾಡಿ, ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ಗಟ್ಟಿ ಬೋರ್ಡ್ ಸಿಗುವವರೆಗೆ ಹಾಳಾದ ಭಾಗವನ್ನು ಚೌಕವಾಗಿ ಕತ್ತರಿಸಿ ತೆಗೆಯಿರಿ. ತೂತಿನ ಒಳಗೆ ಎರಡು ಪ್ಲೈವುಡ್ ಪಟ್ಟಿ ತೂರಿಸಿ, ಹಳೆ ಬೋರ್ಡಿನ ಮೂಲಕ ಕೆಳಗಿನಿಂದ ಸ್ಕ್ರೂ ಹಾಕಿ. ಅಷ್ಟೇ ದಪ್ಪದ (ಹೆಚ್ಚಾಗಿ 12.5 ಮಿ.ಮೀ.) ಹೊಸ ತುಂಡನ್ನು ಆ ಪಟ್ಟಿಗಳಿಗೆ ಬಿಗಿಯಿರಿ. ಸ್ಕ್ರೂ ತಲೆ ಬೋರ್ಡಿನ ಮೇಲಿನ ಕಾಗದ ಹರಿಯದೆ ತುಸು ಒಳಗೆ ಕೂರಬೇಕು. ಕಡಲ ಗಾಳಿ ಅಲ್ವಾ, ತುಕ್ಕು ಹಿಡಿಯದ ಸ್ಕ್ರೂನೇ ಕೇಳಿ ತನ್ನಿ.

ಪಿಒಪಿ ಮೆತ್ತಿ ಅರ್ಧ ದಿನದಲ್ಲಿ ಮುಗಿಸ್ತೇವೆ ಅಂತ ಮೇಸ್ತ್ರಿ ಹೇಳಬಹುದು. ಒಪ್ಪಬೇಡಿ. ಟೇಪ್ ಇಲ್ಲದ ಸಂದು ಇವತ್ತಲ್ಲ ನಾಳೆ ಕೂದಲೆಳೆಯಷ್ಟಾದರೂ ಬಿರುಕು ಬಿಡುತ್ತದೆ.

ಸಂದಿಗೆ ಜಾಯಿಂಟಿಂಗ್ ಕಾಂಪೌಂಡ್ (ಬೋರ್ಡಿನ ಸಂದು ಮುಚ್ಚುವ ಪೇಸ್ಟ್) ಹಚ್ಚಿ, ಹಸಿ ಇರುವಾಗಲೇ ಪೇಪರ್ ಟೇಪ್ ಕೂರಿಸಿ, ಪುಟ್ಟಿ ಬ್ಲೇಡಿನಿಂದ ಒತ್ತಿ ಎಳೆಯಿರಿ. ಒಳಗೆ ಗಾಳಿ ಉಳಿದರೆ ಆಮೇಲೆ ಗುಳ್ಳೆ ಏಳುತ್ತದೆ. ಒಣಗಿದ ಮೇಲೆ ಎರಡನೇ ಕೋಟ್, ಸುಮಾರು 8 ಇಂಚು ಅಗಲ. ಮೂರನೆಯದು 12 ಇಂಚು ಅಥವಾ ಇನ್ನೂ ಜಾಸ್ತಿ. ಗುಟ್ಟಿರುವುದು ಇಲ್ಲೇ. ತೇಪೆಯ ಉಬ್ಬು ಪೂರ್ತಿ ಹೋಗುವುದಿಲ್ಲ. ಅದನ್ನು ಅಗಲಕ್ಕೆ ಹರಡಿ, ಅಂಚನ್ನು ಏನೂ ಇಲ್ಲ ಅನ್ನುವಷ್ಟು ತೆಳು ಮಾಡಿದರೆ ಕಣ್ಣಿಗೆ ಸಿಗುವುದಿಲ್ಲ.

ಎರಡು ಕೋಟ್ ನಡುವೆ 24 ಗಂಟೆ ಅಂತ ಕಾಂಪೌಂಡಿನ ಪ್ಯಾಕ್ ಮೇಲೆ ಬರೆದಿರಬಹುದು. ನಮ್ಮ ಕರಾವಳಿಯ ತೇವದ ಹವೆಗೆ ಅದು ಸಾಲದೆ ಹೋಗಬಹುದು. ಫ್ಯಾನ್ ಹಾಕಿ ಬಿಡಿ, ಕೈಯಿಟ್ಟು ನೋಡಿ. ತಣ್ಣಗಿದ್ದರೆ ಅಥವಾ ನಡುವೆ ಬೂದು ಬಣ್ಣ ಕಂಡರೆ ಇನ್ನೂ ಹಸಿ. ಒಂದೇ ಸಮ ಬೆಳ್ಳಗಾದರೆ ಮುಂದುವರಿಯಿರಿ.

150 ನಂಬರಿನ ಸ್ಯಾಂಡ್‌ಪೇಪರ್‌ನಿಂದ, ಕೊನೆಗೆ 220ರಿಂದ ಹಗುರವಾಗಿ ಉಜ್ಜಿ. ಟಾರ್ಚನ್ನು ಸೀಲಿಂಗಿಗೆ ತಾಗಿಸಿದಂತೆ ಅಡ್ಡ ಹಿಡಿದರೆ ಬಾಕಿ ತಗ್ಗುದಿಣ್ಣೆಗಳೆಲ್ಲ ನೆರಳಾಗಿ ಕಾಣುತ್ತವೆ.

ಪ್ರೈಮರ್ ಬಿಡಬೇಡಿ. ಬರೀ ಕಾಂಪೌಂಡ್ ಪೇಂಟನ್ನು ಜಾಸ್ತಿ ಹೀರಿ ತೇಪೆಯನ್ನು ಎತ್ತಿ ತೋರಿಸುತ್ತದೆ. ಪಕ್ಕದಲ್ಲಿ ಹಳೆ ನೀರಿನ ಕಲೆ ಇದ್ದರೆ ಕಲೆ ತಡೆಯುವ ಪ್ರೈಮರೇ ಬೇಕು, ಇಲ್ಲದಿದ್ದರೆ ಎಮಲ್ಷನ್ ಪೇಂಟ್ ಎಷ್ಟು ಬಳಿದರೂ ಕಲೆ ಮತ್ತೆ ಮೇಲೆ ಬರುತ್ತದೆ. ಆಮೇಲೆ ಮ್ಯಾಟ್ ಪೇಂಟನ್ನು ರೋಲರ್‌ನಿಂದ ಗೋಡೆಯಿಂದ ಗೋಡೆಗೆ ಹೊಡೆಯಿರಿ. ತೇಪೆಯ ಮೇಲೆ ಮಾತ್ರ ಹೊಡೆದರೆ ಅಲ್ಲಿಯೇ ಚೌಕ ಬರೆದಂತೆ ಕಾಣುತ್ತದೆ.