ವಿರ್ತಾನೆನ್ ಧೂಮಕೇತುವಿನ ಕಕ್ಷೆಯನ್ನು ನಾನು ಲೆಕ್ಕ ಹಾಕಿದ ಬಗೆ

2018ರ ಡಿಸೆಂಬರ್ 16ರ ರಾತ್ರಿ ಮೇಲುಕೋಟೆಯ ಸಮೀಪದ ಒಂದು ಹಾಸುಬಂಡೆಯ ಮೇಲೆ ಕಂಬಳಿ ಹಾಸಿ ಮಲಗಿ, ಬೈನಾಕ್ಯುಲರ್ ಹಿಡಿದು, 46ಪಿ ವಿರ್ತಾನೆನ್ ಎಂಬ ಧೂಮಕೇತುವನ್ನು ನಾನು ನೋಡಿದೆ. ಅಂದು ಅದು ಭೂಮಿಯಿಂದ ಸುಮಾರು 1.16 ಕೋಟಿ ಕಿಲೋಮೀಟರ್ ದೂರದಲ್ಲಿ, ಅಂದರೆ ಚಂದ್ರನಿಗಿರುವ ದೂರದ ಮೂವತ್ತು ಪಟ್ಟಿನಲ್ಲಿ ಹಾದುಹೋಗುತ್ತಿತ್ತು. ಕಣ್ಣಿಗೆ ಬಿದ್ದದ್ದು ಒಂದು ಮಬ್ಬು ಕಲೆ ಮಾತ್ರ. ಆದರೆ ಅದಕ್ಕೆ ಮೊದಲಿನ ಮೂರು ವಾರ ನಾನು ಮಂಡ್ಯದ ನಮ್ಮ ಮನೆಯ ನೆಲದ ಮೇಲೆ ಅದರ ಕಕ್ಷೆಯನ್ನು ಎಳೆದು, ಅಳೆದು, ತಿದ್ದಿ, ಆ ರಾತ್ರಿ ಅದು ಯಾವ ದಿಕ್ಕಿಗೆ ಎಷ್ಟು ವೇಗವಾಗಿ ಸರಿಯಬೇಕು ಎಂಬುದನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ. ಆ ಮಬ್ಬು ಕಲೆ ನನ್ನ ಲೆಕ್ಕದಂತೆಯೇ ನಡೆದುಕೊಂಡಿತು. ಅದು ಹೇಗಾಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೈಸ್ಕೂಲಿನ ಗಣಿತ ಬಲ್ಲ ಯಾರು ಬೇಕಾದರೂ ಈ ಕೆಲಸವನ್ನು ಮಾಡಬಹುದು ಎಂಬುದು ಗಣಿತ ಪಾಠ ಮಾಡುವ ನನ್ನ ದೃಢವಾದ ನಂಬಿಕೆ.

ಒಂದು ಧೂಮಕೇತುವಿನ ಕಕ್ಷೆಯನ್ನು ಗೊತ್ತುಪಡಿಸಲು ಆರು ಸಂಖ್ಯೆಗಳು ಸಾಕು. ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್ ಇವುಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನು ಬರೆದುಕೊಂಡದ್ದು ಹೀಗೆ: ಸೂರ್ಯನಿಗೆ ಅತಿ ಸಮೀಪ ಬರುವ ಬಿಂದುವಾದ ಪುರರವಿಯ ದೂರ 1.055 ಖಗೋಳಮಾನ, ಕಕ್ಷೆ ಎಷ್ಟು ಉದ್ದುದ್ದವಾಗಿದೆ ಎಂದು ಹೇಳುವ ಉತ್ಕೇಂದ್ರತೆ 0.659, ಭೂಕಕ್ಷೆಯ ಸಮತಲಕ್ಕೆ ಓರೆ 11.7 ಡಿಗ್ರಿ, ಆ ಸಮತಲವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಪಾತಬಿಂದುವಿನ ರೇಖಾಂಶ 82 ಡಿಗ್ರಿ, ಆ ಪಾತದಿಂದ ಪುರರವಿಗೆ ಇರುವ ಕೋನ 356 ಡಿಗ್ರಿ, ಪುರರವಿಯನ್ನು ತಲುಪುವ ದಿನ 2018ರ ಡಿಸೆಂಬರ್ 12. ಒಂದು ಖಗೋಳಮಾನವೆಂದರೆ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ, ಸುಮಾರು 15 ಕೋಟಿ ಕಿಲೋಮೀಟರ್. ಮೊದಲೆರಡು ಸಂಖ್ಯೆಗಳಿಂದಲೇ ಕಕ್ಷೆಯ ಗಾತ್ರದ ಅಳತೆಗಳೆಲ್ಲ ಹೊರಡುತ್ತವೆ. 1.055ನ್ನು (1 − 0.659)ರಿಂದ ಭಾಗಿಸಿದರೆ ದೀರ್ಘವೃತ್ತದ ಅರ್ಧ ಪ್ರಧಾನಾಕ್ಷ 3.09 ಸಿಗುತ್ತದೆ. ಅದರ ಎರಡರಷ್ಟರಲ್ಲಿ ಪುರರವಿಯ ದೂರವನ್ನು ಕಳೆದರೆ ಅತಿ ದೂರದ ಬಿಂದುವಾದ ಅಪರವಿ 5.13 ಖಗೋಳಮಾನದಲ್ಲಿದೆ ಎಂದು ತಿಳಿಯುತ್ತದೆ. ಕೆಪ್ಲರನ ಮೂರನೆಯ ನಿಯಮದಂತೆ ವರ್ಷಗಳಲ್ಲಿ ಅಳೆದ ಅವಧಿಯ ವರ್ಗ ಈ ಅರ್ಧ ಪ್ರಧಾನಾಕ್ಷದ ಘನಕ್ಕೆ ಸಮ. 3.09ರ ಘನ 29.5, ಅದರ ವರ್ಗಮೂಲ 5.43; ಇಷ್ಟು ವರ್ಷಗಳಿಗೊಮ್ಮೆ ಈ ಧೂಮಕೇತು ಸೂರ್ಯನ ಬಳಿಗೆ ಮರಳುತ್ತದೆ. ಹ್ಯಾಲಿ ಧೂಮಕೇತುವಿಗಾಗಿ ಎಪ್ಪತ್ತಾರು ವರ್ಷ ಕಾಯಬೇಕಾದ ನಮಗೆ, ಒಂದನೆಯ ತರಗತಿಗೆ ಸೇರಿದ ಮಗು ಆರನೆಯ ತರಗತಿಗೆ ಬರುವಷ್ಟರಲ್ಲಿ ಮರಳಿ ಬರುವ ಧೂಮಕೇತು ದೊಡ್ಡ ಸಂಪತ್ತು.

ಸಂಖ್ಯೆಗಳನ್ನು ನೆಲಕ್ಕಿಳಿಸಿದ ಮೇಲೆಯೇ ನನಗೆ ಕಕ್ಷೆಯ ಆಕಾರ ಮನಸ್ಸಿಗೆ ಹಿಡಿಯಿತು. ಒಂದು ಖಗೋಳಮಾನಕ್ಕೆ ಹತ್ತು ಸೆಂಟಿಮೀಟರ್ ಎಂದಿಟ್ಟುಕೊಂಡು, ನಡುಮನೆಯ ಕೆಂಪು ಗಾರೆ ನೆಲದ ಮೇಲೆ 40.7 ಸೆಂಟಿಮೀಟರ್ ಅಂತರದಲ್ಲಿ ಎರಡು ನಾಭಿಗಳನ್ನು ಗುರುತು ಮಾಡಿದೆ. ಎರಡೂ ಕಡೆ ನನ್ನ ಮಗಳು ಮೊಳೆಗಳನ್ನು ಬಿಗಿಯಾಗಿ ಒತ್ತಿ ಹಿಡಿದಳು, ಅವುಗಳಿಗೆ 61.8 ಸೆಂಟಿಮೀಟರ್ ಉದ್ದದ ದಾರದ ಎರಡು ತುದಿಗಳನ್ನು ಕಟ್ಟಿ, ದಾರವನ್ನು ಸೀಮೆಸುಣ್ಣದ ತುದಿಯಿಂದ ಬಿಗಿಯಾಗಿ ಎಳೆಯುತ್ತ ಸುತ್ತು ಬಂದೆ. ಮೊದಲ ಸಲ ಬಳಸಿದ್ದು ಹೊಲಿಗೆಯ ದಾರ. ಅದು ಹಿಗ್ಗಿದ್ದರಿಂದ ಗೆರೆ ಹೊರಟ ಜಾಗಕ್ಕೆ ಬಂದು ಸೇರಲಿಲ್ಲ. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಬಳಸುವ ನೂಲು ತಂದ ಮೇಲೆ ದೀರ್ಘವೃತ್ತ ಸರಿಯಾಗಿ ಮುಚ್ಚಿಕೊಂಡಿತು. ಒಂದು ನಾಭಿಯನ್ನು ಸೂರ್ಯನೆಂದು ಕರೆದು, ಅದರ ಸುತ್ತ ಹತ್ತು ಸೆಂಟಿಮೀಟರ್ ತ್ರಿಜ್ಯದ ಭೂಕಕ್ಷೆಯನ್ನೂ ಐವತ್ತೆರಡು ಸೆಂಟಿಮೀಟರ್ ತ್ರಿಜ್ಯದ ಗುರುಗ್ರಹದ ಕಕ್ಷೆಯನ್ನೂ ಎಳೆದೆ. ಧೂಮಕೇತುವಿನ ಗೆರೆ ಒಂದು ತುದಿಯಲ್ಲಿ ಭೂಕಕ್ಷೆಯನ್ನು ಅರ್ಧ ಸೆಂಟಿಮೀಟರಿನಷ್ಟು ಬಿಟ್ಟು ಹೊರಗೆ ಹಾದುಹೋಗಿತ್ತು. ಇನ್ನೊಂದು ತುದಿ ಗುರುವಿನ ಕಕ್ಷೆಯನ್ನು ಬಹುತೇಕ ಮುಟ್ಟುತ್ತಿತ್ತು.

ಇನ್ನು ಆ ಗೆರೆಯ ಮೇಲೆ ಧೂಮಕೇತು ಯಾವ ದಿನ ಎಲ್ಲಿರುತ್ತದೆ ಎಂಬ ಪ್ರಶ್ನೆ. ಇಲ್ಲಿ ಕೆಪ್ಲರನ ಸಮೀಕರಣ ಬರುತ್ತದೆ. ಕಳೆದ ಕಾಲಕ್ಕೆ ಅನುಪಾತದಲ್ಲಿ ಏಕರೂಪವಾಗಿ ಬೆಳೆಯುವ ಒಂದು ಕೋನವಿದೆ, ಅದನ್ನು ಮಧ್ಯಕೋನ ಎನ್ನೋಣ. ದೀರ್ಘವೃತ್ತದ ಮೇಲೆ ಸ್ಥಾನವನ್ನು ಹೇಳುವ ಇನ್ನೊಂದು ಕೋನವಿದೆ, ಅದನ್ನು ಕೇಂದ್ರಕೋನ ಎನ್ನೋಣ. ಕೇಂದ್ರಕೋನದಿಂದ ಅದರ ಸೈನನ್ನು ಉತ್ಕೇಂದ್ರತೆಯಿಂದ ಗುಣಿಸಿ ಕಳೆದರೆ ಮಧ್ಯಕೋನ ಬರುತ್ತದೆ. ನಮಗೆ ಗೊತ್ತಿರುವುದು ಮಧ್ಯಕೋನ, ಬೇಕಾಗಿರುವುದು ಕೇಂದ್ರಕೋನ. ಬೀಜಗಣಿತದಿಂದ ಅದನ್ನು ನೇರವಾಗಿ ಬಿಡಿಸಿಕೊಳ್ಳಲು ಬರುವುದಿಲ್ಲ. ಒಂದು ಬೆಲೆಯನ್ನು ಊಹಿಸಿ ಸಮೀಕರಣಕ್ಕೆ ಹಾಕುವುದು, ಬಂದ ಉತ್ತರವನ್ನು ಮತ್ತೆ ಹಾಕುವುದು, ಉತ್ತರ ಅಲುಗದೆ ನಿಲ್ಲುವವರೆಗೆ ಹೀಗೆಯೇ ಮಾಡುವುದು, ಇದೇ ದಾರಿ. ನಮ್ಮ ಸಿದ್ಧಾಂತ ಜ್ಯೋತಿಷದಲ್ಲಿ ಇಂಥ ಕ್ರಮಕ್ಕೆ ಅಸಕೃತ್ಕರ್ಮ ಎಂಬ ಹೆಸರಿದೆ. ಒಂದೇ ಸಲಕ್ಕೆ ಮುಗಿಯದ ಕೆಲಸ ಎಂದು ಅದರ ಅರ್ಥ. ಹೆಸರು ಎಷ್ಟು ಸರಿಯಾಗಿದೆ ಎಂಬುದು ಕೈಯಿಂದ ಮಾಡಿದಾಗಲೇ ತಿಳಿದದ್ದು.

ಸ್ಪ್ರೆಡ್‌ಶೀಟ್‌ನಲ್ಲಿ ಮೊದಲು ಮಾಡಿದ ಲೆಕ್ಕ ಎರಡು ದಿನ ಹಾಳಾಯಿತು. ಒಂದು ಸಾಲಿನಲ್ಲಿ ಸೂರ್ಯನಿಂದ ದೂರ 4.8 ಎಂದರೆ ಮುಂದಿನ ಸಾಲಿನಲ್ಲಿ 1.3 ಎಂದು ಬರುತ್ತಿತ್ತು. ಯಾವ ಕಾಯವೂ ಹಾಗೆ ಹಾರಾಡಲಾರದು. ನಾನು ಕೋನಗಳನ್ನು ಡಿಗ್ರಿಯಲ್ಲಿ ಕೊಟ್ಟಿದ್ದೆ, ಸ್ಪ್ರೆಡ್‌ಶೀಟ್ ಅವನ್ನು ರೇಡಿಯನ್ ಎಂದು ಓದುತ್ತಿತ್ತು. ಅದನ್ನು ತಿದ್ದಿದ ಮೇಲೆ ಪುರರವಿಯಿಂದ ಸರಿಯಾಗಿ ಒಂದು ವರ್ಷದ ಅನಂತರದ ಸ್ಥಾನವನ್ನು ಕೈಲೆಕ್ಕದಿಂದ ಪರೀಕ್ಷಿಸಿದೆ. ಮಧ್ಯಕೋನ 66.3 ಡಿಗ್ರಿ, ರೇಡಿಯನ್‌ನಲ್ಲಿ 1.157. ಕೇಂದ್ರಕೋನ 1.75 ಎಂದು ಊಹಿಸಿದರೆ 1.805 ಬರುತ್ತದೆ; ಅದನ್ನು ಹಾಕಿದರೆ 1.798, ಮತ್ತೆ ಹಾಕಿದರೆ 1.799, ಅಲ್ಲಿಗೆ ನಿಂತಿತು. ಸೂರ್ಯನಿಂದ ದೂರ 3.55 ಖಗೋಳಮಾನ. ಸೂರ್ಯನಿಂದ ನೋಡಿದರೆ ಆ ಒಂದು ವರ್ಷದಲ್ಲಿ ಧೂಮಕೇತು 140 ಡಿಗ್ರಿ ಸುತ್ತಿರುತ್ತದೆ. ಅಪರವಿಯನ್ನು ಮುಟ್ಟಲು ಉಳಿದ 40 ಡಿಗ್ರಿಯನ್ನು ಕ್ರಮಿಸಲು ಅದಕ್ಕೆ ಇನ್ನೂ 1.7 ವರ್ಷ ಬೇಕು.

ಸೊಗಡಿನ ಅವರೆಯ ಕಾಲವಾದ್ದರಿಂದ ಮನೆಯಲ್ಲಿ ಕಾಳಿಗೆ ಬರವಿರಲಿಲ್ಲ. ನೂರು ದಿನಕ್ಕೊಂದು ಕಾಳಿನಂತೆ ನೆಲದ ಗೆರೆಯ ಮೇಲೆ ಇಡುತ್ತ ಹೋದೆವು. ಇಡೀ ಸುತ್ತಿಗೆ ಸುಮಾರು ಇಪ್ಪತ್ತು ಕಾಳು. ಪುರರವಿಯಲ್ಲಿಟ್ಟ ಕಾಳಿಗೂ ಅದರ ಮುಂದಿನ ಕಾಳಿಗೂ ನಡುವೆ ಹತ್ತೊಂಬತ್ತು ಸೆಂಟಿಮೀಟರ್‌ಗೆ ತುಸು ಕಡಿಮೆ, ಒಂದು ಗೇಣಿನ ಅಂತರ. ಗುರುವಿನ ಕಕ್ಷೆಯ ಬಳಿ ಕಾಳುಗಳ ನಡುವೆ ನಾಲ್ಕೂವರೆ ಸೆಂಟಿಮೀಟರ್ ಕೂಡ ಇಲ್ಲ. ಹತ್ತಿರದಲ್ಲಿ ಸೆಕೆಂಡಿಗೆ 37.3 ಕಿಲೋಮೀಟರ್ ಓಡುವ ಕಾಯ ಆ ತುದಿಯಲ್ಲಿ 7.7 ಕಿಲೋಮೀಟರ್‌ಗೆ ಇಳಿಯುತ್ತದೆ. ಸಮ ಕಾಲದಲ್ಲಿ ಸಮ ಕ್ಷೇತ್ರ ಎಂಬ ಎರಡನೆಯ ನಿಯಮವನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಆ ಸಂಜೆ, ಒಂದು ಕಡೆ ಚೆದುರಿ ಇನ್ನೊಂದು ಕಡೆ ಒತ್ತೊತ್ತಾಗಿ ಕುಳಿತ ಆ ಕಾಳುಗಳಲ್ಲಿ.

ಕಾಳುಗಳು ಒತ್ತಾಗಿರುವ ಆ ತುದಿಯೇ ಈ ಧೂಮಕೇತುವಿನ ಹಣೆಬರಹವನ್ನು ನಿರ್ಧರಿಸುವ ಜಾಗ. ಅದು ಅಲ್ಲಿ ನಿಧಾನವಾಗಿ ಸಾಗುವಾಗ ಗುರುಗ್ರಹವೂ ಆ ಕಡೆಗೇ ಬಂದಿದ್ದರೆ ಸೆಳೆತ ದೀರ್ಘಕಾಲ ಕೆಲಸ ಮಾಡುತ್ತದೆ. ಆರು ಸಂಖ್ಯೆಗಳಲ್ಲಿ ಐದನೆಯದು 356 ಡಿಗ್ರಿ, ಅಂದರೆ ಪುರರವಿ ಪಾತಬಿಂದುವಿಗೆ ಅಂಟಿಕೊಂಡಂತೆಯೇ ಇದೆ. ಹಾಗಾಗಿ ಅಪರವಿ ಎದುರಿನ ಪಾತದ ಪಕ್ಕದಲ್ಲಿದೆ. ಪಂಚಾಂಗದಲ್ಲಿ ಚಂದ್ರನ ಪಾತಗಳಾದ ರಾಹು ಕೇತುಗಳನ್ನು ಬಲ್ಲವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ: ಓರೆಯಾದ ಕಕ್ಷೆಯಿದ್ದರೂ ಧೂಮಕೇತು ಗುರುವಿನ ಮೇಲೆಯೋ ಕೆಳಗೆಯೋ ದೂರದಲ್ಲಿ ಹಾದುಹೋಗದೆ ಹೆಚ್ಚುಕಡಿಮೆ ಅದರ ಸಮತಲದಲ್ಲಿಯೇ ಎದುರಾಗುತ್ತದೆ. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಕಾರ್ಲ್ ವಿರ್ತಾನೆನ್ 1948ರ ಜನವರಿಯಲ್ಲಿ ಇದನ್ನು ಕಂಡುಹಿಡಿದಾಗ ಅದರ ಅವಧಿ ಸುಮಾರು 6.7 ವರ್ಷವಿತ್ತು, ಪುರರವಿ 1.6 ಖಗೋಳಮಾನದಲ್ಲಿತ್ತು. 1972ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ ಗುರುವಿನ ಸಮೀಪ ಹಾದುಹೋದ ಮೇಲೆ ಅವಧಿ ಐದೂವರೆ ವರ್ಷಕ್ಕೆ ಇಳಿಯಿತು, ಪುರರವಿ ಭೂಕಕ್ಷೆಯ ಹೊಸ್ತಿಲಿಗೆ ಬಂದು ನಿಂತಿತು. ಇದನ್ನು ನೋಡಲು ರೊಸೆಟಾ ನೌಕೆಯನ್ನು ಕಳುಹಿಸುವ ಯೋಜನೆಯೂ ಇತ್ತು. 2002ರ ಡಿಸೆಂಬರಿನಲ್ಲಿ ಏರಿಯಾನ್ 5 ರಾಕೆಟ್ ವಿಫಲವಾಗಿ ಉಡಾವಣೆ ಮುಂದೆ ಹೋದದ್ದರಿಂದ ಆ ನೌಕೆ 67ಪಿ ಧೂಮಕೇತುವಿನತ್ತ ತಿರುಗಬೇಕಾಯಿತು.

ಆಕಾಶದಲ್ಲಿ ಅದರ ಚಲನೆ ಹೇಗಿರಬೇಕು ಎಂಬುದನ್ನು ನಾನು ಮೂರು ಸಾಲಿನಲ್ಲಿ ಲೆಕ್ಕ ಹಾಕಿದೆ. ಪುರರವಿಯ ದಿಕ್ಕು ವೃಷಭ ರಾಶಿಯ ಕೊನೆಯ ಭಾಗ, ಮೃಗಶಿರದ ಆರಂಭ. ಧನುರ್ಮಾಸ ಹಿಡಿಯುವ ಹೊತ್ತಿಗೆ ಸೂರ್ಯ ಧನುಸ್ಸಿನಲ್ಲಿರುವುದರಿಂದ, ಸೂರ್ಯನಿಂದ ನೋಡಿದರೆ ಭೂಮಿ ಅದಕ್ಕೆ ಎದುರಾಗಿ ಇದೇ ದಿಕ್ಕಿನಲ್ಲಿರುತ್ತದೆ. ಹೀಗೆ ಎರಡೂ ಒಂದೇ ಕಡೆ ಬಂದು, ಒಂದೇ ದಿಕ್ಕಿಗೆ ಓಡುತ್ತಿರುತ್ತವೆ: ಭೂಮಿ ಸೆಕೆಂಡಿಗೆ 30.2 ಕಿಲೋಮೀಟರ್, ಧೂಮಕೇತು 37.3. ಓರೆ 11.7 ಡಿಗ್ರಿಯಾದ್ದರಿಂದ ಧೂಮಕೇತುವಿನ ವೇಗದಲ್ಲಿ ಮುಂದಕ್ಕೆ 36.5, ಉತ್ತರಕ್ಕೆ 7.6. ಭೂಮಿಯ ವೇಗವನ್ನು ಕಳೆದರೆ ಮುಂದಕ್ಕೆ ಉಳಿಯುವುದು 6.3, ಎರಡನ್ನೂ ಪೈಥಾಗೊರಸ್ ಪ್ರಮೇಯದಂತೆ ಕೂಡಿಸಿದರೆ ಸೆಕೆಂಡಿಗೆ 9.9 ಕಿಲೋಮೀಟರ್. 1.16 ಕೋಟಿ ಕಿಲೋಮೀಟರ್ ದೂರದಿಂದ ನೋಡುವವರಿಗೆ ಇದು ದಿನಕ್ಕೆ ನಾಲ್ಕು ಡಿಗ್ರಿಗೆ ತುಸು ಹೆಚ್ಚು, ಮೂರು ಗಂಟೆಯಲ್ಲಿ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿತ, ದಿಕ್ಕು ಈಶಾನ್ಯ.

ನೋಡುವ ಜಾಗವನ್ನು ಆರಿಸುವುದು ಲೆಕ್ಕಕ್ಕಿಂತ ಕಷ್ಟವಾಯಿತು. ಡಿಸೆಂಬರ್ ಮೊದಲ ವಾರ ಮೈಸೂರಿನಲ್ಲಿ ಬಂಧುಗಳ ಮನೆಯ ತಾರಸಿಯಿಂದ ಎರಡು ರಾತ್ರಿ ಹುಡುಕಿದರೂ ಏನೂ ಕಾಣಲಿಲ್ಲ. ಪ್ರಕಾಶದ ಅಂದಾಜು ನಾಲ್ಕರ ಸುಮಾರಿನದು, ಬರಿಗಣ್ಣಿಗೂ ಕಾಣಬೇಕಾದದ್ದು ಎಂದು ಓದಿದ್ದವರು ಇಲ್ಲಿ ಮೋಸ ಹೋಗುತ್ತಾರೆ. ಆ ಬೆಳಕೆಲ್ಲ ಚಂದ್ರಬಿಂಬಕ್ಕಿಂತಲೂ ಅಗಲವಾದ ಅನಿಲದ ಹೊದಿಕೆಯಲ್ಲಿ ಹರಡಿಕೊಂಡಿರುತ್ತದೆ. ಊರಿನ ದೀಪಗಳ ಬೆಳಕಿನಲ್ಲಿ ಅದು ತೊಳೆದುಹೋಗುತ್ತದೆ. ಮಂಡ್ಯದ ಸುತ್ತಮುತ್ತ ಕತ್ತಲೆಯೇನೋ ಇದೆ, ಆದರೆ ನಾಲೆಯ ಬಯಲಿನಲ್ಲಿ ಆ ತಿಂಗಳು ರಾತ್ರಿ ಹತ್ತಕ್ಕೆಲ್ಲ ಇಬ್ಬನಿ ಇಳಿಯುತ್ತದೆ, ಆಲೆಮನೆಗಳ ಹೊಗೆ ಕಬ್ಬಿನ ಗದ್ದೆಗಳ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಮೇಲುಕೋಟೆಯ ಕಡೆಯದು ಮಳೆಯಾಶ್ರಿತ ಕಲ್ಲುನೆಲ, ಎತ್ತರವೂ ಇದೆ, ಗಾಳಿ ಒಣಗಿರುತ್ತದೆ.

16ರ ರಾತ್ರಿ ಹತ್ತೂವರೆಗೆ ಕೃತ್ತಿಕೆ ನಡುನೆತ್ತಿಯ ಹತ್ತಿರವಿತ್ತು. ಅಂದು ನವಮಿ, ಪಶ್ಚಿಮದಲ್ಲಿ ಚಂದ್ರನಿದ್ದ. ಆಗಾಗ ತೆಳುಮೋಡ ಹಾಯುತ್ತಿತ್ತು. ಕೃತ್ತಿಕೆಯನ್ನು ಬೈನಾಕ್ಯುಲರಿನ ಒಂದು ಅಂಚಿಗೆ ತಂದು ರೋಹಿಣಿಯ ಕಡೆಗೆ ಮೆಲ್ಲನೆ ಸರಿಸಿದಾಗ, ನಕ್ಷತ್ರಗಳ ನಡುವೆ ಒರೆಸಿದಂತಹ ಒಂದು ಜಾಗ ಕಂಡಿತು. ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತಿತ್ತು, ಓರೆನೋಟದಲ್ಲಿ ನಡುವೆ ತುಸು ದಟ್ಟವಾದ, ಅಂಚಿಲ್ಲದ ಬೂದು ಉಂಡೆಯಾಗಿ ಮರಳುತ್ತಿತ್ತು. ಬಾಲ ಕಾಣಲಿಲ್ಲ. ಛಾಯಾಚಿತ್ರಗಳಲ್ಲಿ ಕಾಣುವ ಹಸಿರು ಇಂಗಾಲದ ಜೋಡಿ ಪರಮಾಣುಗಳ ಅಣುಗಳಿಂದ ಬರುವ ಬೆಳಕು. ಅಷ್ಟು ಮಸುಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಹಿಡಿಯದು. ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ, ಸುತ್ತಲಿನ ಆರು ನಕ್ಷತ್ರಗಳ ಜೊತೆಗೆ ಅದರ ಸ್ಥಾನವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದೆ.

ಚಂದ್ರ ಮುಳುಗಿದ ಮೇಲೆ, ಒಂದೂವರೆ ಗಂಟೆಗೆ, ಅದೇ ಹಾಳೆಯ ಮೇಲೆ ಎರಡನೆಯ ಗುರುತು ಹಾಕಿದೆ. ಕತ್ತಲೆ ಆಳವಾಗಿದ್ದರಿಂದ ಉಂಡೆ ಈಗ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು, ಅದರ ಮಧ್ಯವನ್ನು ನಿಶ್ಚಯಿಸುವುದಕ್ಕೆ ಐದಾರು ಸಲ ನೋಡಬೇಕಾಯಿತು. ಎರಡು ಗುರುತುಗಳ ಅಂತರ ಕೃತ್ತಿಕೆಯ ಗುಂಪಿನ ಅಗಲದ ಅರ್ಧದಷ್ಟಿತ್ತು. ಆ ಗುಂಪಿನ ಬೆಳಗುವ ನಕ್ಷತ್ರಗಳು ಸುಮಾರು ಒಂದು ಡಿಗ್ರಿಯಲ್ಲಿ ಹರಡಿವೆ. ಹಾಗಾಗಿ ಮೂರು ಗಂಟೆಗೆ ಅರ್ಧ ಡಿಗ್ರಿ, ದಿನಕ್ಕೆ ನಾಲ್ಕು. ದಿಕ್ಕು ಈಶಾನ್ಯವೇ. ಬೆಳಗಿನ ಜಾವದ ಧನುರ್ಮಾಸದ ಪೂಜೆಗೆ ದೇವಸ್ಥಾನದ ಕಡೆ ಜನ ಹೊರಡುವವರೆಗೆ ನಾನು ಅಲ್ಲೇ ಕುಳಿತಿದ್ದೆ. ಒಂದು ವಾರದ ಅನಂತರ ಅದು ಬ್ರಹ್ಮಹೃದಯ ನಕ್ಷತ್ರದ ಬಳಿಗೆ ಹೋದಾಗ ಹುಣ್ಣಿಮೆಯ ಬೆಳಕು ಅದನ್ನು ನುಂಗಿತ್ತು.

ಮುಂದಿನ ಪುರರವಿ 2024ರ ಮೇ ತಿಂಗಳಿನಲ್ಲಿ ಬಂತು, ನನ್ನ 5.43 ವರ್ಷದ ಲೆಕ್ಕ ಕೆಲವೇ ದಿನಗಳ ವ್ಯತ್ಯಾಸದಲ್ಲಿ ಸರಿಯಾಗಿತ್ತು. ಆದರೆ ಮೇ ತಿಂಗಳಿನಲ್ಲಿ ಭೂಮಿ ಸೂರ್ಯನ ಆಚೆ ಬದಿಯಲ್ಲಿರುತ್ತದೆ. ನೆಲದ ಚಿತ್ರದಲ್ಲಿ ಭೂಮಿಯನ್ನು ಅಲ್ಲಿಟ್ಟು ದಾರ ಎಳೆದರೆ ಅದು ಸೂರ್ಯನ ಪಕ್ಕದಲ್ಲಿಯೇ ಹಾದುಹೋಗುತ್ತಿತ್ತು, ಉದ್ದ ಇಪ್ಪತ್ತು ಸೆಂಟಿಮೀಟರ್‌ಗೂ ಹೆಚ್ಚು. ಅಂದು ಆಕಾಶದಲ್ಲಿ ಹುಡುಕುವ ಪ್ರಯತ್ನವನ್ನೇ ನಾನು ಮಾಡಲಿಲ್ಲ. ಗುರುವಿನ ಸೆಳೆತವನ್ನು ಸೇರಿಸದ ನನ್ನ ಸರಳ ಲೆಕ್ಕದಂತೆ ಅದರ ಅನಂತರದ ಪುರರವಿ 2029ರ ಅಕ್ಟೋಬರಿನಲ್ಲಿ. ಆಗ ಭೂಮಿ ಧೂಮಕೇತುವಿನ ಐವತ್ತು ಡಿಗ್ರಿ ಹಿಂದೆ ಇರುತ್ತದೆ, ನಡುವಿನ ದೂರ 0.87 ಖಗೋಳಮಾನ, 2018ರದಕ್ಕಿಂತ ಹನ್ನೊಂದು ಪಟ್ಟು ಹೆಚ್ಚು. ಕಾಣುವುದಾದರೆ ಸೂರ್ಯೋದಯಕ್ಕೆ ಮುಂಚೆ, ಸೂರ್ಯನಿಂದ 68 ಡಿಗ್ರಿ ದೂರದಲ್ಲಿ. ನನ್ನ ಬೈನಾಕ್ಯುಲರಿಗೆ ಅದು ಸಾಲದು. ಆರು ಇಂಚಿನ ದರ್ಪಣದ ದೂರದರ್ಶಕವೊಂದನ್ನು ಕಟ್ಟಲು ಶುರುಮಾಡಿದ್ದೇನೆ. ಕನ್ನಡಿ ಉಜ್ಜುವ ಕೆಲಸ ಅರ್ಧದಷ್ಟಾಗಿದೆ.