ಐವತ್ತು ಗಜಕ್ಕೆ ಒಂದೇ ಗುಂಡು: ರೆಕ್ಕೆಯ ಪೇಂಟ್‌ಬಾಲ್ ಜೊತೆ ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ನಮ್ಮದೊಂದು ವೀಕೆಂಡ್ ಗುಂಪಿದೆ. ಅರ್ಧಕ್ಕರ್ಧ ಕನ್ನಡದವರೇ. ಚಳಿ ಬಿಟ್ಟ ಮೇಲೆ ಪೆನ್ಸಿಲ್ವೇನಿಯಾದ ಪೋಕೊನೊ ಬೆಟ್ಟಗಳ ಕಡೆ ಹೋಗಿ ಕಾಡಿನ ಫೀಲ್ಡ್‌ನಲ್ಲಿ ಪೇಂಟ್‌ಬಾಲ್ ಆಡುತ್ತೇವೆ, ಅಂದರೆ ಗ್ಯಾಸ್ ಬಂದೂಕಿನಿಂದ ಬಣ್ಣದ ಬಾಲ್ ಹೊಡೆದು ಎದುರಿನವರನ್ನು ಔಟ್ ಮಾಡುವ ಆಟ. ಹಾಪರ್ (ಬಂದೂಕಿನ ಮೇಲೆ ಕೂರುವ, ದುಂಡು ಬಾಲ್ ಸುರಿಯುವ ಡಬ್ಬ) ಕಿತ್ತುಹಾಕಿ ಬರೀ ಫಸ್ಟ್ ಸ್ಟ್ರೈಕ್ ಅನ್ನುವ ರೆಕ್ಕೆ ಗುಂಡಿನಲ್ಲೇ ಆಡುತ್ತೇನೆ ಅಂದಾಗ ಎಲ್ಲರೂ ನಕ್ಕರು. "ಒಂದು ಗುಂಡಿಗೆ ಅರ್ಧ ಡಾಲರಾ? ದುಡ್ಡು ಜಾಸ್ತಿ ಆಗಿದೆಯಾ ನಿಂಗೆ?" ಅಂದ ಒಬ್ಬ. "ಅದೆಲ್ಲ ಯೂಟ್ಯೂಬ್‌ನಲ್ಲಿ ಮಾತ್ರ ಬಡಿಯುತ್ತೆ" ಅಂದ ಇನ್ನೊಬ್ಬ. ಎರಡು ಸೀಸನ್ ಕಳೆಯಿತು. ಆ ಇನ್ನೊಬ್ಬ ಮೊನ್ನೆ ನನ್ನ ಹತ್ತಿರ ಎರಡು ಮ್ಯಾಗ್ (ಗುಂಡು ಸಾಲಾಗಿ ತುಂಬುವ ಮ್ಯಾಗಜೀನ್) ಎರವಲು ಕೇಳಿದ. ಕೊಡಲಿಲ್ಲ.

ಗುಂಡಿನ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. ಮುಂದೆ ಪೇಂಟ್ ತುಂಬಿದ ದುಂಡು ತಲೆ, ಹಿಂದೆ ಓರೆ ರೆಕ್ಕೆಗಳ ಬಾಲ, ಎಲ್ಲಾ ಗಟ್ಟಿ ಪ್ಲಾಸ್ಟಿಕ್. ಹಾರುವಾಗ ರೆಕ್ಕೆಯೇ ಅದನ್ನು ತಿರುಗಿಸುತ್ತದೆ. ತಲೆ ಮುಂದಿರಲೇಬೇಕು, ಹಾಗಾಗಿ ಹಾಪರ್‌ನಲ್ಲಿ ಸುರಿಯೋಕಾಗಲ್ಲ, ಮ್ಯಾಗ್ ಬೇಕೇ ಬೇಕು. ಇಷ್ಟು ಸಾಕು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಎಡವುವುದು ಅಲ್ಲೇ. ಸೆಕೆಂಡ್ ಹ್ಯಾಂಡ್ ಮ್ಯಾಗ್‌ಫೆಡ್ ಮಾರ್ಕರ್‌ಗೆ, ಅಂದರೆ ಮ್ಯಾಗ್ ಹಾಕುವ ಪೇಂಟ್‌ಬಾಲ್ ಬಂದೂಕಿಗೆ, ಸುಮಾರು 350 ಡಾಲರ್ ಕೊಟ್ಟೆ. ಬ್ಯಾರೆಲ್‌ಗೆ ಎಪ್ಪತ್ತು ಎಂಬತ್ತು ಹೋಯಿತು. ಮ್ಯಾಗ್‌ಗಳಿಗೆ ಎಷ್ಟು ಸುರಿದೆ ಅಂತ ಹೆಂಡತಿಗೂ ಹೇಳಿಲ್ಲ. ಗುಂಡು ನನಗೆ ಬಿದ್ದಿದ್ದು 45-50 ಸೆಂಟಿನ ಹತ್ತಿರ. ಈಗ ಇನ್ನೊಂದು ಕಡೆ ನೋಡಿ. ಹಾಪರ್ ಇದ್ದಾಗ ದಿನಕ್ಕೆ ಒಂದು ಕೇಸ್, ಅಂದರೆ ಎರಡು ಸಾವಿರ ಬಾಲ್ ಮುಗಿಸುತ್ತಿದ್ದೆ. ನಾವು ಹೋಗುವ ಫೀಲ್ಡ್‌ನಲ್ಲಿ ದುಂಡು ಪೇಂಟ್, ಅಂದರೆ ಮಾಮೂಲಿ ಬಾಲ್, ಅವರ ಹತ್ತಿರವೇ ಕೊಳ್ಳಬೇಕು. ಎಂಬತ್ತು ಡಾಲರ್ ಸುಮ್ನೆ ಹಾರಿಹೋಗುತ್ತಿತ್ತು. ಈಗ ದಿನಕ್ಕೆ ಅರವತ್ತು ಎಪ್ಪತ್ತು ಗುಂಡು ಮುಟ್ಟಿದರೆ ಹೆಚ್ಚು. ಮೂವತ್ತೈದು ಡಾಲರ್. ಯಾರಿಗೆ ದುಡ್ಡು ಜಾಸ್ತಿ ಆಗಿತ್ತು?

ಆದರೆ ಮೊದಲ ಕೆಲವು ತಿಂಗಳು ಈ ಲೆಕ್ಕ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಾರ್ಕರ್ ಜೊತೆ ಬಂದ ಬ್ಯಾರೆಲ್‌ನ ಬೋರ್, ಅಂದರೆ ನಳಿಗೆಯ ಒಳಅಗಲ, ಬಿಗಿ. ದುಂಡು ಪೇಂಟ್‌ಗೆ ಬಿಗಿ ಇದ್ದರೆ ಗ್ಯಾಸ್ ಉಳಿಯುತ್ತದೆ ಅಂತ ಎಲ್ಲರೂ .680 ಇಂಚಿನ ಆಸುಪಾಸು ಇಟ್ಟುಕೊಳ್ಳುತ್ತೇವೆ ಅಲ್ವಾ, ರೆಕ್ಕೆ ಗುಂಡಿಗೆ ಅದೇ ವಿಷ. ಪ್ಲಾಸ್ಟಿಕ್ ಹಿಸುಕಿಕೊಳ್ಳಲ್ಲ. ಬಾಲ ಬ್ಯಾರೆಲ್‌ಗೆ ಉಜ್ಜಿಕೊಂಡು ಹೊರಬರುತ್ತದೆ. ಒಂದು ಎಡಕ್ಕೆ, ಒಂದು ಮರದ ಮೇಲಕ್ಕೆ. ವೇಗ ಅಳೆಯುವ ಕ್ರೋನೊದಲ್ಲಿ ಒಂದು ಸೆಕೆಂಡಿಗೆ 265 ಅಡಿ, ಮುಂದಿನದು 290. ಫೀಲ್ಡ್ ಮಿತಿ 280. ರೆಫರಿ ಮುಖ ನೋಡಬೇಕಿತ್ತು. .687 ಬೋರಿನ ಬ್ಯಾರೆಲ್ ಹಾಕಿದ ದಿನವೇ ಓಟ ನೆಟ್ಟಗಾಯಿತು.

ನೆಟ್ಟಗಾಯಿತು ಅಂದರೆ ಪೂರ್ತಿ ಅಲ್ಲ. ಎರಡನೇ ಕಾಟ ಗ್ಯಾಸಿನ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್‌ದು. ದುಂಡು ಬಾಲ್‌ನಲ್ಲಿ ಹದಿನೈದು ಎಫ್‌ಪಿಎಸ್ (ಸೆಕೆಂಡಿಗೆ ಅಡಿ) ಆಚೀಚೆ ಆದರೆ ಯಾರಿಗೂ ಗೊತ್ತಾಗಲ್ಲ, ಬಾಲೇ ಅದಕ್ಕಿಂತ ಜಾಸ್ತಿ ಅಲೆಯುತ್ತದೆ. ಇಲ್ಲಿ ಹಾಗಲ್ಲ. ಐವತ್ತು ಗಜದಲ್ಲಿ ಅಷ್ಟು ವ್ಯತ್ಯಾಸಕ್ಕೆ ಗುಂಡು ಎದೆಯ ಬದಲು ಸೊಂಟದ ಕೆಳಗೆ ಬೀಳುತ್ತದೆ. ಅದರಲ್ಲೂ ಐದು ನಿಮಿಷ ಸುಮ್ಮನೆ ಕೂತು ಹೊಡೆಯುವ ಮೊದಲ ಗುಂಡು ಯಾವಾಗಲೂ ಸೊಕ್ಕಿನಲ್ಲಿರುತ್ತದೆ, ಬೇಕಾದ್ದಕ್ಕಿಂತ ಜೋರಾಗಿ ಹೋಗುತ್ತದೆ. ನನ್ನ ಆಟವೇ ಮೊದಲ ಗುಂಡಿನ ಆಟ. ಸೀಲ್ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ಇನ್ನೊಂದು ಸಣ್ಣ ಕೆಲಸ ಮಾಡಿದೆ. ಆ ಸಣ್ಣ ಕೆಲಸ ಏನು ಅಂತ ಇಲ್ಲಿ ಬರೆಯಲ್ಲ, ಎದುರು ತಂಡದವರೂ ಓದುತ್ತಾರೆ. ಈಗ ನಾಲ್ಕೈದು ಎಫ್‌ಪಿಎಸ್ ಒಳಗೆ ನಿಲ್ಲುತ್ತದೆ.

ಗುಂಡು ಆರಿಸುವುದು ಇನ್ನೊಂದು ಕೆಲಸ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಡಬ್ಬ ಸಾಗಣೆಯಲ್ಲಿ ಜಜ್ಜಿಕೊಂಡು ಬಂತು. ಕಾಲು ಭಾಗಕ್ಕೆ ರೆಕ್ಕೆ ಬಾಗಿತ್ತು. ಮಾರಿದವನು ದುಡ್ಡು ವಾಪಸ್ ಕೊಡಲಿಲ್ಲ. ಅಲ್ಲಿಂದ ಹಿಂದಿನ ರಾತ್ರಿ ಟೇಬಲ್ ಮೇಲೆ ಬಿಳಿ ಕಾಗದ ಹಾಸಿ, ಒಂದೊಂದನ್ನೂ ತಲೆ ಕೆಳಗಾಗಿ ನಿಲ್ಲಿಸಿ ಮೇಲಿಂದ ನೋಡುತ್ತೇನೆ. ಒಂದು ರೆಕ್ಕೆ ಒಳಗೆ ಬಾಗಿದ್ದರೆ ಕಣ್ಣಿಗೇ ಹೊಡೆಯುತ್ತದೆ. ಆಮೇಲೆ ತಲೆ ಮತ್ತು ಬಾಲ ಸೇರುವ ಕಡೆ ಉಗುರು ಓಡಿಸುತ್ತೇನೆ. ಉಗುರು ಸಿಕ್ಕಿಕೊಂಡರೆ ಅದು ಹತ್ತಿರದ ಏಟಿನ ಡಬ್ಬಕ್ಕೆ. ಚೆನ್ನಾಗಿರುವುದೆಲ್ಲ ದೂರಕ್ಕೆ. ಮಗ ಇದನ್ನು ಅಪ್ಪನ ಪೂಜೆ ಅಂತಾನೆ.

ಫಲ ಏನು ಅಂದರೆ: ಗಾಳಿ ಇಲ್ಲದ ದಿನ ಐವತ್ತು ಗಜದಲ್ಲಿ ಹಳೇ ಪಿಜ್ಜಾ ತಟ್ಟೆ ನೇತುಹಾಕಿ ಹೊಡೆದರೆ ಹತ್ತಕ್ಕೆ ಏಳು ಠಣ್ ಅನ್ನುತ್ತವೆ. ಅದೇ ದೂರಕ್ಕೆ ದುಂಡು ಬಾಲ್ ಹೊಡೆದರೆ ಎರಡು ತಾಗಿದರೆ ಪುಣ್ಯ. ಇಪ್ಪತ್ತೈದು ಗಜಕ್ಕೆ ಸೈಟ್ ಕೂರಿಸಿದ್ದೇನೆ. ಐವತ್ತಕ್ಕೆ ಮೂರು, ಮೂರೂವರೆ ಅಡಿ ಮೇಲೆ ಹಿಡಿಯಬೇಕು. ಸ್ಟಾಕ್ ಮೇಲೆ ಟೇಪ್ ಅಂಟಿಸಿ ಗುರುತು ಬರೆದಿದ್ದೇನೆ. ಅಡ್ಡ ಗಾಳಿ ಬಂದರೆ ಈ ಲೆಕ್ಕ ಕೆಡುತ್ತದೆ, ರೆಕ್ಕೆ ಇದೆ ಅಂತ ಗಾಳಿ ಬಿಡಲ್ಲ. ತುಂಬಾ ದೂರ ಹೋಗುತ್ತದೆ ಅಂತ ಕೊಳ್ಳುವವರು ನಿರಾಶರಾಗುತ್ತಾರೆ. ದುಂಡು ಬಾಲೂ ಎತ್ತಿ ಹೊಡೆದರೆ ಎಂಬತ್ತು ಗಜ ಹೋಗುತ್ತೆ. ಎಲ್ಲಿಗೆ ಹೋಗುತ್ತೆ ಅನ್ನುವುದು ಬೇರೆ ಮಾತು.

ನಡುವೆ ಬೇರೆ ಆಟಗಳನ್ನೂ ಆಡಿದೆ. ಒಳಗೆ ಸುರುಳಿ ಗೀರು ಕೊರೆದ ರೈಫ್ಲ್ಡ್ ಬ್ಯಾರೆಲ್ ಎರವಲು ತಂದು ಹೋಲಿಸಿದೆ, ನನ್ನ ಪಿಜ್ಜಾ ತಟ್ಟೆಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಬಾಲನ್ನು ಹಿಮ್ಮುಖವಾಗಿ ತಿರುಗಿಸುವ ಬ್ಯಾಕ್‌ಸ್ಪಿನ್ ಬ್ಯಾರೆಲ್‌ನಲ್ಲಿ ದುಂಡು ಬಾಲ್ ನೋಡೋಕೆ ಚಂದ, ದಾರ ಎಳೆದ ಹಾಗೆ ಸಪಾಟಾಗಿ ಹೋಗುತ್ತದೆ, ಆದರೆ ಕೊನೆಯಲ್ಲಿ ಮನಸ್ಸು ಬದಲಾಯಿಸಿಬಿಡುತ್ತದೆ. ಮಾರ್ಕರ್ ಸ್ವಲ್ಪ ವಾಲಿದರೂ ಬಾಲ್ ಆ ಕಡೆಗೇ ತಿರುಗುತ್ತದೆ. ಮಗನ ಹುಟ್ಟುಹಬ್ಬಕ್ಕೆ .50 ಕ್ಯಾಲಿಬರ್, ಅಂದರೆ ಅರ್ಧ ಇಂಚಿನ ಚಿಕ್ಕ ಬಾಲ್, ಆಡಿಸಿದೆ. 2010ರ ಹೊತ್ತಿಗೆ ಇದೇ ಮುಂದಿನ ಆಟ ಅಂತ ಭಾರಿ ಪ್ರಚಾರ ಮಾಡಿದ್ದರು. ಗ್ರಾಂ ಚಿಲ್ಲರೆ ತೂಕದ ಬಾಲ್ ಗಾಳಿಯಲ್ಲಿ ಎಷ್ಟು ದೂರ ಬದುಕುತ್ತದೆ? ಮಾಮೂಲಿ .68 ಬಾಲ್ ಮೂರು ಗ್ರಾಂ ಇದ್ದೇ ಇಷ್ಟು ಒದ್ದಾಡುತ್ತದೆ. ಮಕ್ಕಳಿಗೆ ಮಾತ್ರ ಬಹಳ ಒಳ್ಳೆಯದು, ನೋವು ಕಮ್ಮಿ.

ಮಳೆಗಾಲದಲ್ಲಿ ಊರಿಗೆ ಹೋದಾಗ ಕನಕಪುರ ರಸ್ತೆ ಕಡೆ ಒಂದು ಕಡೆ ಆಡಿದೆ. ಬಾಡಿಗೆ ಮಾರ್ಕರ್, ತೆರೆದಿಟ್ಟ ಚೀಲದ ಬಾಲ್. ಜೆಲಟಿನ್ ಅಲ್ವಾ, ತೇವ ಕುಡಿದು ಊದಿಕೊಂಡಿದ್ದವು. ಅರ್ಧ ಬ್ಯಾರೆಲ್‌ನಲ್ಲೇ ಒಡೆದವು, ಉಳಿದವು ಮೈಗೆ ತಾಗಿ ಪುಟಿದವು. ಪ್ಲಾಸ್ಟಿಕ್ ಗುಂಡಿಗೆ ಈ ರೋಗ ಇಲ್ಲ. ಪೋಕೊನೊದ ಅಕ್ಟೋಬರ್ ಚಳಿಗೆ ಬೇರೆಯವರ ಬಾಲ್ ಗಾಜಿನಂತೆ ಒಡೆಯುವಾಗಲೂ ನನ್ನದು ತಣ್ಣಗಿರುತ್ತದೆ. ಇನ್ನೊಂದು ವಿಷಯ: ದುಂಡು ಬಾಲ್ ಮ್ಯಾಗ್‌ನ ಸ್ಪ್ರಿಂಗ್ ಕೆಳಗೆ ಬೆಳಗ್ಗೆಯಿಂದ ಕೂತರೆ ಊಟದ ಹೊತ್ತಿಗೆ ಒಂದು ಕಡೆ ಚಪ್ಪಟೆ. ಮ್ಯಾಗ್ ಹಾಕಿಕೊಂಡೂ ಗುರಿ ಇಲ್ಲ ಅನ್ನುವವರಲ್ಲಿ ಅರ್ಧ ಜನರ ಕಾಯಿಲೆ ಇದೇ.

ಪುಟಿಯುವ ವಿಷಯ ರೆಕ್ಕೆ ಗುಂಡಿಗೂ ಇದೆ, ಮುಚ್ಚಿಡಲ್ಲ. ಐವತ್ತು ಗಜ ದಾಟಿದ ಮೇಲೆ ವೇಗ ಸತ್ತಿರುತ್ತದೆ. ದಪ್ಪ ಸ್ವೆಟ್‌ಶರ್ಟ್‌ಗೆ ಬಡಿದರೆ ಒಡೆಯಲ್ಲ. ಒಡೆಯಲಿಲ್ಲ ಅಂದರೆ ಔಟ್ ಇಲ್ಲ. ಎಷ್ಟು ಜಗಳ ಆಗಿದೆ ಇದಕ್ಕೆ. ಈಗ ನಾನು ದೂರದಲ್ಲಿ ಮೈಗೆ ಗುರಿ ಇಡುವುದೇ ಇಲ್ಲ. ಹಾಪರ್, ಮಾರ್ಕರ್, ಪಾಡ್ (ಹೆಚ್ಚುವರಿ ಬಾಲ್ ಇಡುವ ಡಬ್ಬಿ) ಕಟ್ಟಿದ ಸೊಂಟ, ಗಟ್ಟಿ ಇರುವ ಜಾಗ. ಬಂಕರ್ ಹಿಂದೆ ಅಡಗಿದವನದು ಹೇಗೂ ಹಾಪರೇ ಮೊದಲು ಕಾಣುವುದು.

ತೀರಾ ಹತ್ತಿರಕ್ಕೆ ಕೆಂಪು ಟೇಪಿನ ಮ್ಯಾಗ್, ಅದರಲ್ಲಿ ದುಂಡು ಪೇಂಟ್. ಕ್ರೋನೊ ರೆಕ್ಕೆ ಗುಂಡಿನಲ್ಲೇ ಮಾಡಿಸಿರುತ್ತೇನೆ, ಅಗಲ ಬೋರಿನಲ್ಲಿ ದುಂಡು ಬಾಲ್ ಗ್ಯಾಸ್ ಸೋರಿಸಿಕೊಂಡು ಇನ್ನೂ ನಿಧಾನ ಹೋಗುತ್ತದೆ. ಹತ್ತು ಗಜದೊಳಗೆ ಯಾರಿಗೂ ಪ್ಲಾಸ್ಟಿಕ್ ಹೊಡೆಯಲ್ಲ. ನೋವಾಗುತ್ತೆ, ಆಮೇಲೆ ಫೀಲ್ಡ್‌ನವರು ಗುಂಡನ್ನೇ ನಿಷೇಧ ಮಾಡುತ್ತಾರೆ. ಕೆಲವು ಕಡೆ ಆಗಲೇ ಮಾಡಿದ್ದಾರೆ.

ಆಟ ಹೇಗೆ ಬದಲಾಯಿತು ಅಂದರೆ, ಮೊದಲು ಮದುವೆ ಮನೆಯಲ್ಲಿ ಅಕ್ಷತೆ ಎರಚಿದ ಹಾಗೆ ಪೇಂಟ್ ಎರಚುತ್ತಿದ್ದೆ. ಈಗ ಒಂದು ಸುತ್ತಿನಲ್ಲಿ ಏಳೆಂಟು ಗುಂಡು. ಎದುರಿನವರಿಗೆ ನಲವತ್ತು ಗಜ ಅಂದರೆ ಸುರಕ್ಷಿತ ಅನ್ನುವ ಅಭ್ಯಾಸ. ಎದ್ದು ನಿಂತು ಮಾತಾಡುತ್ತಾರೆ, ಪಾಡ್ ತುಂಬಿಸಿಕೊಳ್ಳುತ್ತಾರೆ. ಆಗಲೇ ನನ್ನ ಊಟ. ಒಂದು ಹೊಡೆದರೆ ಜಾಗ ಬದಲಿಸುತ್ತೇನೆ. ಎರಡನೆಯದು ಹೊಡೆಯುವ ಆಸೆ ತಡೆದುಕೊಂಡರೆ ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತೇ ಆಗಲ್ಲ. ನಮ್ಮವರು ಮೊದಲು ಬೈಯುತ್ತಿದ್ದರು, ನೀನು ಕವರ್ ಕೊಡಲ್ಲ ಅಂತ. ಅದು ನಿಜವೇ. ಒಬ್ಬ ಹಾಪರ್‌ನವನು ಪಕ್ಕದಲ್ಲಿ ಬಂಕರ್ ಬಡಿಯುತ್ತಾ ಎದುರಿನವರ ತಲೆ ತಗ್ಗಿಸಿಟ್ಟರೇ ನನ್ನ ಕೆಲಸ ಸಲೀಸು. ಈಗ ಜೋಡಿಯಾಗಿಯೇ ಹೋಗುತ್ತೇವೆ.

ಗುಂಡು ಕಡಿಮೆ ಇದ್ದರೆ ಆಟವೇ ಅಲ್ಲ ಅನ್ನುವವರಿಗೆ ಒಂದು ಹಳೇ ಕಥೆ ಹೇಳುತ್ತೇನೆ. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ ಹನ್ನೆರಡು ಜನ ಮೊದಲ ಪೇಂಟ್‌ಬಾಲ್ ಆಟ ಆಡಿದರು, ಕಾಡಿನಲ್ಲಿಟ್ಟ ಬಾವುಟಗಳನ್ನು ಕೂಡಿಸುವ ಆಟ. ಕೈಯಲ್ಲಿದ್ದದ್ದು ನೆಲ್‌ಸ್ಪಾಟ್ 007, ಮರಕ್ಕೂ ದನಕ್ಕೂ ಗುರುತು ಹಾಕುವ ಪಿಸ್ತೂಲು. ಗೆದ್ದವನು ಒಂದೇ ಒಂದು ಗುಂಡೂ ಹಾರಿಸದೆ ಬಾವುಟಗಳನ್ನು ತಂದ. ನಾನು ಅವನಿಗಿಂತ ದುಂದುಗಾರ.

ಶುರು ಮಾಡುವವರು ಮಾರ್ಕರ್‌ಗಿಂತ ಮೊದಲು ನಿಮ್ಮ ಫೀಲ್ಡ್‌ನವರು ಈ ಗುಂಡು ಬಿಡುತ್ತಾರಾ ಅಂತ ಫೋನ್ ಮಾಡಿ ಕೇಳಿ. ಆಮೇಲೆ ಬ್ಯಾರೆಲ್, ಆಮೇಲೆ ಮ್ಯಾಗ್. ಸ್ಕೋಪ್ ಕೊನೆಗೆ, ಅಥವಾ ಬೇಡವೇ ಬೇಡ. ನನ್ನ ಸ್ಕೋಪ್ ಎರಡು ತಿಂಗಳಿಂದ ಮಾರಾಟಕ್ಕಿದೆ, ಯಾರೂ ಕೇಳಿಲ್ಲ.