ನ್ಯೂ ಆರ್ಲಿಯನ್ಸ್‌ನ ಮಕ್ಕಳಿಗೆ ಸ್ಯಾಕ್ಸೋಫೋನ್ ಕಲಿಸುವುದು: ನನ್ನ ಅನುಭವ

ನ್ಯೂ ಆರ್ಲಿಯನ್ಸ್‌ನ ಟ್ರೆಮೇ ಬಡಾವಣೆಯ ಹತ್ತಿರ ಒಂದು ಚರ್ಚ್ ಹಾಲ್‌ನಲ್ಲಿ ನಾನು ಮಕ್ಕಳಿಗೆ ಸ್ಯಾಕ್ಸೋಫೋನ್ ಹೇಳಿಕೊಡುತ್ತೇನೆ. ಫೀಸ್ ಇಲ್ಲ. ಬರುವವರು ಸುತ್ತಮುತ್ತಲಿನ ಕಪ್ಪು ಜನರ ಮನೆಯ ಮಕ್ಕಳು. ಹೋಟೆಲಿನಲ್ಲೋ ಆಸ್ಪತ್ರೆಯಲ್ಲೋ ಪಾಳಿ ಮೇಲೆ ದುಡಿಯುವ ಅಮ್ಮಂದಿರೇ ಜಾಸ್ತಿ. ನಾನು ಪುತ್ತೂರಿನ ಕಡೆಯವನು. ನಮ್ಮ ದಕ್ಷಿಣ ಕನ್ನಡದಲ್ಲಿ ದೇವಸ್ಥಾನದ ಉತ್ಸವದಲ್ಲೂ ಮದುವೆಯಲ್ಲೂ ಸ್ಯಾಕ್ಸೋಫೋನ್ ಕೇಳಿಸುತ್ತದೆ. ಕದ್ರಿ ಗೋಪಾಲನಾಥರನ್ನು ಕೇಳಿಯೇ ನಾನು ಈ ವಾದ್ಯ ಹಿಡಿದದ್ದು. ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೆ ಜಾಝ್ ಕಲಿತೆ, ಆಮೇಲೆ ಕಲಿಸುವುದಕ್ಕೆ ನಿಂತೆ.

ಪಾಠ ಪುಕ್ಕಟೆ ಮಾಡಿದರೆ ಬಡವರ ಮಕ್ಕಳು ಬಂದು ಕಲಿಯುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಷ್ಟು ಸಾಲುವುದಿಲ್ಲ. ಮಗು ಹಾಲ್‌ಗೆ ಬರುವುದು ಹೇಗೆ? ಕತ್ತಲಾದ ಮೇಲೆ ಮನೆ ಸೇರುವುದು ಹೇಗೆ? ಹೊಟ್ಟೆಗೆ ಏನು? ವಾದ್ಯ ಯಾರು ಕೊಡುತ್ತಾರೆ? ಇದಕ್ಕೆಲ್ಲ ದಾರಿ ಮಾಡದೆ ಶುರುಮಾಡಿದ ಕ್ಲಾಸ್ ಬೇಗ ಖಾಲಿಯಾಗುತ್ತದೆ.

ಈ ಊರಿನವರಿಗೆ ಇದು ಮೊದಲಿಂದಲೂ ಗೊತ್ತು. 2005ರ ಕತ್ರಿನಾ ಚಂಡಮಾರುತದಲ್ಲಿ ಊರಿನ ಸುಮಾರು ಶೇ. 80 ಭಾಗ ನೀರಲ್ಲಿ ಮುಳುಗಿತು. ಶಾಲೆಗಳ ಬ್ಯಾಂಡ್‌ಗಳು ಚದುರಿಹೋದವು. 2007ರಲ್ಲಿ ರೀಬರ್ತ್ ಬ್ರಾಸ್ ಬ್ಯಾಂಡ್‌ನ (ಹಿತ್ತಾಳೆ ವಾದ್ಯ, ಡ್ರಮ್‌ಗಳ ಬೀದಿ ಮೇಳ) ಡ್ರಮ್ಮರ್ ಡೆರಿಕ್ ಟ್ಯಾಬ್ ಅವರು ‘ರೂಟ್ಸ್ ಆಫ್ ಮ್ಯೂಸಿಕ್’ ಎಂಬ ಮಕ್ಕಳ ಸಂಗೀತ ತರಗತಿ ಶುರುಮಾಡಿದಾಗ ಸಂಗೀತದ ಜೊತೆ ವಾದ್ಯ, ಬಿಸಿ ಊಟ, ಓದಿಗೆ ಸಹಾಯ, ಮನೆಗೆ ಬಿಡುವ ಬಸ್ಸು, ಎಲ್ಲವನ್ನೂ ಸೇರಿಸಿದರು. 2013ರ ಜನವರಿ 1ರಂದು ಆ ಮಕ್ಕಳು ಕ್ಯಾಲಿಫೋರ್ನಿಯಾದ ಹೊಸ ವರ್ಷದ ದೊಡ್ಡ ಮೆರವಣಿಗೆ ರೋಸ್ ಪರೇಡ್‌ನಲ್ಲಿ ನುಡಿಸುತ್ತಾ ನಡೆದರು. ನಮ್ಮದು ತೀರಾ ಚಿಕ್ಕ ಕ್ಲಾಸ್. ಆದರೂ ಅದೇ ದಾರಿ ಹಿಡಿದಿದ್ದೇವೆ. ಚರ್ಚಿನ ವ್ಯಾನ್ ಇದೆ, ಓಡಿಸುವುದಕ್ಕೆ ಅಲ್ಲಿನ ಹಿರಿಯರೊಬ್ಬರಿದ್ದಾರೆ. ಸೋಮವಾರ ಊಟಕ್ಕೆ ಅನ್ನ ಮತ್ತು ಕೆಂಪು ಬೀನ್ಸ್. ಸೋಮವಾರ ಅದನ್ನೇ ಮಾಡುವುದು ಈ ಊರಿನ ಹಳೇ ಪದ್ಧತಿ. ನಮ್ಮ ರಾಜ್ಮಾನೇ ಅಲ್ವಾ!

ಇನ್ನು ವಾದ್ಯ. ಹಳೇ ಆಲ್ಟೋ ಸ್ಯಾಕ್ಸೋಫೋನ್‌ಗಳನ್ನು ಕೊಳ್ಳುತ್ತೇವೆ. ತೂತುಗಳನ್ನು ಮುಚ್ಚುವ ಮೆತ್ತೆಗಳು, ಅಂದರೆ ಪ್ಯಾಡ್‌ಗಳು, ಒಣಗಿ ಗಾಳಿ ಸೋರುತ್ತಿರುತ್ತದೆ. ಸೋರುವ ವಾದ್ಯ ಕೊಟ್ಟರೆ ಮಗು ತನಗೇ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ. ಹಾಗಾಗಿ ಮೊದಲು ರಿಪೇರಿ, ಆಮೇಲೆ ಪಾಠ. ವಾದ್ಯವನ್ನು ಹಾಲ್‌ನಲ್ಲೇ ಬೀಗ ಹಾಕಿ ಇಡಿ, ಕಳೆದುಹೋಗುತ್ತದೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಗೆ ಹೋಗದ ವಾದ್ಯ ಬಾಯಿಗೆ ಪಳಗುವುದೇ ಇಲ್ಲ. ಅಜ್ಜಿಯದ್ದೋ ಚಿಕ್ಕಮ್ಮನದ್ದೋ ಸಹಿ ತೆಗೆದುಕೊಂಡು ಮನೆಗೆ ಕಳಿಸುತ್ತೇವೆ. ಜೊತೆಗೆ 2ನೇ ನಂಬರಿನ ಎರಡು ರೀಡ್, ಅಂದರೆ ಬಾಯಿಗಿಟ್ಟು ಊದುವಾಗ ಅದುರಿ ಸದ್ದು ಮಾಡುವ ತೆಳು ಪಟ್ಟಿ. ಒಂದರಲ್ಲಿ ನುಡಿಸಿದರೆ ಇನ್ನೊಂದು ಒಣಗುತ್ತಿರಬೇಕು.

ಅಪಾರ್ಟ್‌ಮೆಂಟಿನಲ್ಲಿ ಸದ್ದು ಮಾಡಿದರೆ ಅಕ್ಕಪಕ್ಕದವರು ಬೈಯುತ್ತಾರೆ. ನಮ್ಮ ದೊಡ್ಡ ಮಕ್ಕಳು ಕ್ಲೇಬೋರ್ನ್ ಅವೆನ್ಯೂದ ಮೇಲ್ಸೇತುವೆ ಕೆಳಗೆ ಹೋಗಿ ಅಭ್ಯಾಸ ಮಾಡುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಓಕ್ ಮರಗಳ ಸಾಲಿತ್ತು, ಕಪ್ಪು ಜನರ ಅಂಗಡಿಗಳಿದ್ದವು. 1966ರಲ್ಲಿ ಹೆದ್ದಾರಿಗಾಗಿ ಆ ಮರಗಳನ್ನೆಲ್ಲ ಕಡಿದರು. ಮೆರವಣಿಗೆಗಳು ಈಗಲೂ ಆ ಸೇತುವೆ ಕೆಳಗೆ ನುಡಿಸುತ್ತಲೇ ಹೋಗುತ್ತವೆ. ಈ ಕಥೆ ಮಕ್ಕಳಿಗೆ ಗೊತ್ತಿರಲೇಬೇಕು ಅಂತ ನನ್ನ ಹಟ.

ಕಲಿಸುವ ರೀತಿ ಹೇಳುತ್ತೇನೆ. ಶುರುವಿನಲ್ಲಿ ನೊಟೇಶನ್ ಹಾಳೆ ಕೊಡುವುದಿಲ್ಲ. ಮೊದಲು ಕೈ, ಕಾಲು, ಗಂಟಲು. ನಮ್ಮ ಕ್ಲಾಸ್ ನಡೆಸುವವರು ಟ್ರೆಮೇಯಲ್ಲೇ ಹುಟ್ಟಿ ಬೆಳೆದ ಹಿರಿಯ ಡ್ರಮ್ಮರ್. ಅವರು ದೊಡ್ಡ ಡ್ರಮ್ ಕಟ್ಟಿಕೊಂಡು ನಾಲ್ಕನೇ ಪೆಟ್ಟಿಗೆ ಒತ್ತು ಕೊಟ್ಟು ಬಾರಿಸುತ್ತಾರೆ. ಇದಕ್ಕೆ ‘ಬಿಗ್ ಫೋರ್’ ಎನ್ನುತ್ತಾರೆ. ಮಕ್ಕಳು ಹಾಲ್ ತುಂಬಾ ನಡೆಯಬೇಕು. ಮೂರು, ಮೂರು, ಎರಡು ಎಂದು ಬರುವ ಲೆಕ್ಕವೊಂದು ಈ ಸಂಗೀತದಲ್ಲಿ ಪದೇ ಪದೇ ಸಿಗುತ್ತದೆ. ಅದಕ್ಕೆ ನಾನು ‘ತಕಿಟ ತಕಿಟ ತಕ’ ಹೇಳಿಕೊಟ್ಟೆ. ಈಗ ವ್ಯಾನ್‌ನಲ್ಲೂ ಅದನ್ನೇ ಹೇಳುತ್ತಾರೆ! ಆಮೇಲೆ ನಾನು ಒಂದು ತುಣುಕು ನುಡಿಸುತ್ತೇನೆ, ಅವರು ಉತ್ತರ ಕೊಡುತ್ತಾರೆ. ನನ್ನ ನುಡಿಸಾಣಿಕೆಯಲ್ಲಿ ಗಮಕ ಇಣುಕಿದರೆ ಡ್ರಮ್ಮರ್ ಹುಬ್ಬು ಏರಿಸುತ್ತಾರೆ. ಅವರ ಕಿವಿಯೇ ಇಲ್ಲಿ ಪ್ರಮಾಣ. ಈ ಸಂಗೀತ ಈ ಮಕ್ಕಳ ಮುತ್ತಜ್ಜಂದಿರದ್ದು. ಉಸಿರು, ತುಟಿ, ಬೆರಳು ತಿದ್ದುವುದಷ್ಟೇ ನನ್ನ ಕೆಲಸ.

ಬ್ಯಾಂಡ್ ಆಗಿ ಕೂರಿಸುವಾಗ ಬಿ ಫ್ಲಾಟ್‌ನಿಂದ ಶುರು. ಒಂದೇ ಸ್ವರಕ್ಕೆ ಒಂದೊಂದು ವಾದ್ಯದಲ್ಲಿ ಒಂದೊಂದು ಹೆಸರು: ಬಿ ಫ್ಲಾಟ್ ಕೇಳಿಸಬೇಕೆಂದರೆ ಟ್ರಂಪೆಟ್‌ನವರು ಸಿ ನುಡಿಸಬೇಕು, ಆಲ್ಟೋದವರು ಜಿ. ಇದು ಮಕ್ಕಳ ತಲೆಗೆ ಹೋಗುವುದಕ್ಕೆ ಸಮಯ ಬೇಕು, ಅವಸರ ಮಾಡಬಾರದು. ಮುಂದೆ 12 ಬಾರ್‌ನ ಬ್ಲೂಸ್, ಅಂದರೆ ಹನ್ನೆರಡು ಆವರ್ತಗಳ ಹಾಡಿನ ಅಚ್ಚು. ಕೊನೆಗೆ ಓದುವುದು. ಕಿವಿಯೇ ಮೊದಲು, ನಿಜ. ಆದರೆ ಕಪ್ಪು ಜನರ ಹಳೇ ಕಾಲೇಜುಗಳಲ್ಲಿ ಬ್ಯಾಂಡ್‌ಗೆ ಸ್ಕಾಲರ್‌ಶಿಪ್ ಇದೆ. ಅಲ್ಲಿಗೆ ಸೇರಬೇಕೆಂದರೆ ನೊಟೇಶನ್ ಓದಲು ಬರಬೇಕು. ಬಡ ಮನೆಯ ಮಗುವಿಗೆ ಇದನ್ನು ಕಲಿಸದೆ ಬಿಡುವುದು ಅನ್ಯಾಯ.

ಮಕ್ಕಳನ್ನು ಕಾಂಗೊ ಚೌಕಕ್ಕೆ ಕರೆದುಕೊಂಡು ಹೋಗುತ್ತೇವೆ. ಗುಲಾಮರಾಗಿದ್ದ ಜನ ಭಾನುವಾರ ಸೇರಿ ಡ್ರಮ್ ಬಾರಿಸಿ ಕುಣಿಯುತ್ತಿದ್ದ ಜಾಗ ಅದು. ಈ ಊರಿನಲ್ಲಿ ಮಕ್ಕಳಿಗೆ ಕಲಿಸಿದವರ ಕಥೆಯನ್ನೂ ಹೇಳುತ್ತೇವೆ. 1913ರಲ್ಲಿ, ಮುಂದೆ ಜಾಝ್‌ನ ದೊಡ್ಡ ಕಲಾವಿದನಾದ ಲೂಯಿ ಆರ್ಮ್‌ಸ್ಟ್ರಾಂಗ್‌ ಎಂಬ ಹುಡುಗನನ್ನು ಪೊಲೀಸರು ಹಿಡಿದು ಬಾಲಗೃಹಕ್ಕೆ ಸೇರಿಸಿದರು. ಅಲ್ಲಿ ಅವನಿಗೆ ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ) ಕಲಿಸಿದವರು ಪೀಟರ್ ಡೇವಿಸ್. 1970ರ ಹೊತ್ತಿಗೆ ಜಾಝ್ ಕಲಾವಿದ ಡ್ಯಾನಿ ಬಾರ್ಕರ್ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಮಕ್ಕಳನ್ನು ಸೇರಿಸಿ ಬ್ರಾಸ್ ಬ್ಯಾಂಡ್ ಕಟ್ಟಿದರು. ನಿಂತುಹೋಗುವಂತಿದ್ದ ಬೀದಿ ಬ್ಯಾಂಡ್‌ಗಳಿಗೆ ಹೊಸ ತಲೆಮಾರು ಸಿಕ್ಕಿದ್ದು ಅಲ್ಲಿಂದ. ವಿನ್‌ಟನ್ ಮಾರ್ಸಾಲಿಸ್ ಎಂಬ ಹೆಸರಾಂತ ಟ್ರಂಪೆಟ್ ವಾದಕರು ಕೂಡ ಚಿಕ್ಕಂದಿನಲ್ಲಿ ಆ ಬ್ಯಾಂಡ್‌ನಲ್ಲಿ ನುಡಿಸಿದವರೇ.

ಅಮೆರಿಕದ ಕನ್ನಡದವರ ಎಷ್ಟೋ ಮನೆಗಳಲ್ಲಿ ಮಕ್ಕಳು ಶಾಲೆಯ ಬ್ಯಾಂಡ್‌ಗೆ ಅಂತ ಕೊಂಡ ಕ್ಲಾರಿನೆಟ್, ಸ್ಯಾಕ್ಸೋಫೋನ್ ಕಪಾಟಿನಲ್ಲಿ ಸುಮ್ನೆ ಕೂತಿರುತ್ತವೆ. ನಿಮ್ಮ ಊರಲ್ಲೂ ಇಂಥ ಕ್ಲಾಸ್ ಇದ್ದರೆ ಹುಡುಕಿ ಕೊಡಿ. ಕೊಡುವ ಮುಂಚೆ ರಿಪೇರಿಯವರಿಗೆ ತೋರಿಸಿ, ಪ್ಯಾಡ್ ಬದಲಾಯಿಸುವ ಖರ್ಚನ್ನೂ ನೀವೇ ಹಾಕಿಕೊಳ್ಳಿ.